ಮಾರ್ಚ್ 31ರ ಬಿಲ್ಲು ಏಪ್ರಿಲ್ 1ಕ್ಕೆ ಜಾರದಂತೆ ಸಮಯ ದಾಖಲಿಸುವುದು ಹೇಗೆ?

ಔಷಧಿ ಸಗಟು ಅಂಗಡಿಯೊಂದರ ಬಿಲ್ಲಿಂಗ್ ಪ್ರೋಗ್ರಾಂ ನಾನು ನೋಡಿಕೊಳ್ಳುತ್ತಿದ್ದೆ. ಒಂದು ವರ್ಷ ಮಾರ್ಚ್ ಲೆಕ್ಕದಲ್ಲಿ ಒಂದು ಬಿಲ್ಲು ಕಮ್ಮಿ ಬಂತು. ಎರಡು ದಿನ ಹುಡುಕಿದೆವು. ಗಿರಾಕಿ ಕೈಯಲ್ಲಿದ್ದ ಕಾಗದದಲ್ಲಿ ಮಾರ್ಚ್ 31, 23:59:59 ಅಂತಿತ್ತು. ಡೇಟಾಬೇಸಿನಲ್ಲಿ ಅದೇ ಬಿಲ್ಲು ಏಪ್ರಿಲ್ 1, 00:00:00. ಹಣಕಾಸು ವರ್ಷವೇ ಬದಲಾಗಿತ್ತು! ಯಾರೂ ಕೈಯಾಡಿಸಿರಲಿಲ್ಲ. ಆ ಟೇಬಲ್ ಕಟ್ಟಿದವನು ನಾನೇ.

ಆಮೇಲೆ ಬೇರೆಯವರ ಪ್ರೋಗ್ರಾಂಗಳಲ್ಲೂ ಇದೇ ಕಥೆ ನೋಡಿದ್ದೇನೆ. ಗಡಿಯಾರ ಎಲ್ಲರೂ ಸರಿ ಮಾಡುತ್ತಾರೆ. ಡೇಟಾಬೇಸಿನಲ್ಲಿ ಆ ಸಮಯ ಕೂರುವ ಕಾಲಂ ನೋಡುವವರು ಕಮ್ಮಿ.

ಹಂತ 1: ಗಡಿಯಾರ

ಇದು ಸುಲಭ. ಕಂಪ್ಯೂಟರಿನ ಅಗ್ಗದ ಕ್ವಾರ್ಟ್ಜ್ ಹರಳು ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಹೋಯಿತು. ಲಿನಕ್ಸ್ ಸರ್ವರಿಗೆ ಕ್ರೋನಿ ಅನ್ನುವ, ಗಡಿಯಾರ ಸರಿ ಮಾಡುವ ಪ್ರೋಗ್ರಾಂ ಹಾಕಿ. ಅದಕ್ಕೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್ (ನೆಟ್‌ವರ್ಕಿನಲ್ಲಿ ಸರಿಯಾದ ಸಮಯ ಹೇಳುವ ಸರ್ವರ್) ಅಥವಾ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ 'ಸಮಯ್' ಸರ್ವರ್ ಕೊಡಿ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಸೂಚನೆಯೂ ಇವುಗಳನ್ನೇ ಹೇಳುತ್ತದೆ. 'ಕ್ರೋನಿಸಿ ಟ್ರ್ಯಾಕಿಂಗ್' ಕೊಟ್ಟು ನೋಡಿ, ವ್ಯತ್ಯಾಸ ಕೆಲವೇ ಮಿಲಿಸೆಕೆಂಡ್ ಇದ್ದರೆ ಮುಂದಕ್ಕೆ ಹೋಗಿ.

ಕೌಂಟರಿನ ಪಿಸಿಯ ಸಮಯವನ್ನು ಮಾತ್ರ ಯಾವತ್ತೂ ನಂಬಬೇಡಿ. ಎಲ್ಲ ಬಿಲ್ಲಿಗೂ ಸರ್ವರಿನ ಸಮಯವೇ ಬೀಳಲಿ. ದಿನಾ ಬೆಳಿಗ್ಗೆ ಹತ್ತು ವರ್ಷ ಹಿಂದಕ್ಕೆ ಹೋಗುವ ಪಿಸಿ ಇದ್ದರೆ ಅದರ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ. ಸಿಆರ್2032 ತಂದು ಹಾಕಿ. ಅದಕ್ಕೊಂದು ಸಾಫ್ಟ್‌ವೇರ್ ಕೊಳ್ಳುವವರನ್ನೂ ನೋಡಿದ್ದೇನೆ, ಸುಮ್ನೆ ದುಡ್ಡು ದಂಡ.

ಹಂತ 2: ಕಾಲಂ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಕಾಲಂ ವಿಧ ಬರೀ ಡೇಟ್‌ಟೈಮ್ ಅಂತಿದ್ದರೆ ಸೆಕೆಂಡಿನ ಚೂರು ಅದರಲ್ಲಿ ಉಳಿಯುವುದಿಲ್ಲ. ಉಳಿಯದಿದ್ದರೆ ಹೋಗಲಿ ಬಿಡಿ ಅನ್ನಬಹುದು. ಆದರೆ ಅದು ಚೂರನ್ನು ಕತ್ತರಿಸುವುದಿಲ್ಲ, ಹತ್ತಿರದ ಸೆಕೆಂಡಿಗೆ ದುಂಡು ಮಾಡುತ್ತದೆ. ನಿಮ್ಮ ಪ್ರೋಗ್ರಾಂ 23:59:59.7 ಅಂತ ಕಳಿಸಿದರೆ ಒಳಗೆ ಕೂರುವುದು ಮಾರನೇ ದಿನದ 00:00:00. ಬಿಲ್ಲು ಪ್ರಿಂಟ್ ಮಾಡುವ ಕೋಡ್ ಮಾತ್ರ ಚೂರನ್ನು ಕತ್ತರಿಸಿ 23:59:59 ಅಂತಲೇ ಅಚ್ಚು ಹಾಕುತ್ತದೆ. ನಮ್ಮ ಔಷಧಿ ಅಂಗಡಿಯಲ್ಲಿ ಆಗಿದ್ದು ಇದೇ. ಮೈಎಸ್‌ಕ್ಯೂಎಲ್‌ನ ಅಣ್ಣತಮ್ಮನಂತಿರುವ ಮರಿಯಾಡಿಬಿ ಡೇಟಾಬೇಸ್ ಕತ್ತರಿಸುತ್ತದೆ, ದುಂಡು ಮಾಡುವುದಿಲ್ಲ. ಅದರಲ್ಲಿ ಪರೀಕ್ಷೆ ಮಾಡಿ ಮೈಎಸ್‌ಕ್ಯೂಎಲ್‌ನಲ್ಲಿ ಓಡಿಸಿದರೆ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಮೈಕ್ರೋಸಾಫ್ಟಿನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರಿನ ಹಳೆಯ ಡೇಟ್‌ಟೈಮ್ ಕೂಡ ಸಾಚಾ ಅಲ್ಲ. ಅದು ಸುಮಾರು 3 ಮಿಲಿಸೆಕೆಂಡಿನ ಹೆಜ್ಜೆ ಹಾಕುತ್ತದೆ, 23:59:59.999 ಕೊಟ್ಟರೆ ನಾಳೆಗೆ ಹಾರುತ್ತದೆ. ಅಲ್ಲಿ ಡೇಟ್‌ಟೈಮ್2 ಬಳಸಿ.

ಮೈಎಸ್‌ಕ್ಯೂಎಲ್‌ನಲ್ಲಿ ಪರಿಹಾರ ಡೇಟ್‌ಟೈಮ್(6). ಆ 6 ಅಂದರೆ ಮೈಕ್ರೋಸೆಕೆಂಡಿನವರೆಗೆ ಆರು ಅಂಕಿ. ಒಂದು ಸಾಲಿಗೆ 5 ಬೈಟ್ ಬದಲು 8 ಬೈಟ್ ಹಿಡಿಯುತ್ತದೆ. ಮೂರು ಬೈಟಿಗೆ ಜಿಪುಣತನ ಬೇಡ. ಟೈಮ್‌ಸ್ಟ್ಯಾಂಪ್ ಅನ್ನುವ ವಿಧ ನನಗೆ ಇಷ್ಟವಿಲ್ಲ, 2038ರ ಜನವರಿ 19ಕ್ಕೆ ಅದರ ಅಂಕಿ ಮುಗಿಯುತ್ತದೆ.

ಕಾಲಂ ಬದಲಿಸುವಾಗ 'ಮಾಡಿಫೈ' ಆದೇಶ ಕೊಡುತ್ತೀರಲ್ಲ, ಆಗ ಮೊದಲಿದ್ದ 'ನಾಟ್ ನಲ್' (ಖಾಲಿ ಬಿಡುವಂತಿಲ್ಲ), 'ಡಿಫಾಲ್ಟ್' (ಏನೂ ಕೊಡದಿದ್ದರೆ ತಾನಾಗಿ ಬೀಳುವುದು) ಎಲ್ಲವನ್ನೂ ಮತ್ತೆ ಬರೆಯಬೇಕು. ಬರೆಯದಿದ್ದರೆ ಸದ್ದಿಲ್ಲದೆ ಹೋಗುತ್ತವೆ. ಡಿಫಾಲ್ಟಿಗೂ 6 ಹಾಕಿ: ಕರೆಂಟ್_ಟೈಮ್‌ಸ್ಟ್ಯಾಂಪ್(6). ಹಳೆಯ ಸಾಲುಗಳಿಗೆ ಆರು ಸೊನ್ನೆ ಬರುತ್ತದೆ, ಕಳೆದುಹೋದ ಚೂರು ವಾಪಸ್ ಬರುವುದಿಲ್ಲ.

ಇಷ್ಟು ಮಾಡಿ ಕೈ ತೊಳೆದುಕೊಂಡರೆ ಮಾರನೇ ತಿಂಗಳು ಇನ್ನೊಂದು ಫೋನ್ ಬರುತ್ತದೆ. ಯಾಕೆಂದರೆ ರಿಪೋರ್ಟಿನಲ್ಲಿ ಯಾರೋ '00:00:00ರಿಂದ 23:59:59ರವರೆಗೆ' ಅಂತ 'ಬಿಟ್ವೀನ್' ಷರತ್ತು ಹಾಕಿರುತ್ತಾರೆ. ಈಗ 23:59:59.4ರ ಬಿಲ್ಲು ಇಲ್ಲೂ ಇಲ್ಲ, ನಾಳೆಯ ರಿಪೋರ್ಟಿನಲ್ಲೂ ಇಲ್ಲ! ಕೊನೆಗೆ .999999 ಅಂಟಿಸುವ ಅಡ್ಡದಾರಿ ಹಿಡಿಯಬೇಡಿ. 'ಇವತ್ತಿನ 00:00ಕ್ಕೆ ಸಮ ಅಥವಾ ಹೆಚ್ಚು, ನಾಳೆಯ 00:00ಕ್ಕಿಂತ ಕಡಿಮೆ' ಅಂತ ಬರೆಯಿರಿ. ಒಂದೊಂದೇ ರಿಪೋರ್ಟ್ ತೆರೆದು ತಿದ್ದಬೇಕು, ಬೇಜಾರಿನ ಕೆಲಸ. ಬೇರೆ ದಾರಿ ಇಲ್ಲ.

ಮೈಎಸ್‌ಕ್ಯೂಎಲ್ 8ರಲ್ಲಿ ಚೂರು ಕತ್ತರಿಸುವ ಒಂದು ಮೋಡ್ ಇದೆ, ಅದನ್ನು ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಸರ್ವರ್ ಬದಲಾದ ದಿನ ಆ ಸೆಟ್ಟಿಂಗ್ ಯಾರಿಗೂ ನೆನಪಿರುವುದಿಲ್ಲ.

ಹಂತ 3: ಸಮಯ ಕೇಳುವ ಬಗೆ

ಕಾಲಂ ಸರಿಯಿದ್ದರೂ ಮೈಎಸ್‌ಕ್ಯೂಎಲ್‌ನಲ್ಲಿ ಈಗಿನ ಸಮಯವನ್ನು ನೌ() ಅಂತ ಕೇಳಿದರೆ ಪೂರ್ತಿ ಸೆಕೆಂಡೇ ಸಿಗುತ್ತದೆ. ನೌ(6) ಅಂತ ಕೇಳಿ. ಪಿಎಚ್‌ಪಿ ಭಾಷೆಯಲ್ಲಿ ಡೇಟ್() ಕರೆದು ಮೈಕ್ರೋಸೆಕೆಂಡ್ ಕೇಳಿದರೆ ಯಾವಾಗಲೂ ಆರು ಸೊನ್ನೆ. ಅಲ್ಲಿ ಡೇಟ್‌ಟೈಮ್ ಆಬ್ಜೆಕ್ಟ್ ಬಳಸಬೇಕು, ಪಿಎಚ್‌ಪಿ 7.1ನೇ ಆವೃತ್ತಿಯಿಂದ ಅದು ಚೂರನ್ನೂ ಕೊಡುತ್ತದೆ.

ಎಡವಿ ಬೀಳುವ ಇನ್ನೊಂದು ಗುಂಡಿ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ಅಲ್ಲಿನ ನೌ() ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗುವ, ಇಲ್ಲವಾದರೆ ಯಾವುದೂ ಆಗದ ಕೆಲಸಗಳ ಒಂದು ಕಟ್ಟು) ಶುರುವಾದ ಸಮಯ ಕೊಡುತ್ತದೆ. ಒಂದೇ ಟ್ರಾನ್ಸಾಕ್ಷನ್ನಿನಲ್ಲಿ 500 ಸಾಲು ತುಂಬಿದರೆ ಐನೂರಕ್ಕೂ ಒಂದೇ ಮುದ್ರೆ. ಆ ಗಳಿಗೆಯ ಸಮಯ ಬೇಕಿದ್ದರೆ ಕ್ಲಾಕ್_ಟೈಮ್‌ಸ್ಟ್ಯಾಂಪ್() ಇದೆ.

ಆರು ಅಂಕಿ ಕಂಡ ಮಾತ್ರಕ್ಕೆ ಆರೂ ನಿಜ ಅಂತಲ್ಲ. ವಿಂಡೋಸ್‌ನಲ್ಲಿ ಸಮಯ ಕೇಳುವ ಹಳೆಯ ಕರೆ ಸಾಮಾನ್ಯವಾಗಿ 15.6 ಮಿಲಿಸೆಕೆಂಡಿಗೊಮ್ಮೆ ಮಾತ್ರ ಮುಂದೆ ಹೋಗುತ್ತದೆ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯಲು ಗೋಡೆ ಗಡಿಯಾರದ ಸಮಯ ಬಳಸಲೇಬೇಡಿ. ನಡುವೆ ಗಡಿಯಾರ ಹಿಂದಕ್ಕೆ ತಿದ್ದಿಕೊಂಡರೆ ಉತ್ತರ ಮೈನಸ್ ಬರುತ್ತದೆ. ಜಾವಾದಲ್ಲಿ ನ್ಯಾನೋಟೈಮ್, ಪೈಥಾನಿನಲ್ಲಿ ಪರ್ಫ್_ಕೌಂಟರ್ ಇವೆ.

ಹಂತ 4: ಬಿಲ್ ನಂಬರ್ ಬೇರೆ ಇರಲಿ

ಸಮಯವನ್ನೇ ಬಿಲ್ ನಂಬರ್ ಮಾಡಬೇಡಿ. ಎರಡು ಕೌಂಟರಿಗೆ ಒಂದೇ ಸಮಯ ಬೀಳಬಹುದು. ಜಿಎಸ್‌ಟಿ ಬಿಲ್ಲಿಗೆ ಬೇಕಿರುವುದು 16 ಅಕ್ಷರ ಮೀರದ, ಸಾಲಾಗಿ ಬರುವ ನಂಬರ್.

ಹಂತ 5: ಯಾವ ಊರಿನ ಸಮಯ?

ವ್ಯಾಪಾರ ನಮ್ಮ ದೇಶದೊಳಗೇ ಇದ್ದರೆ ಭಾರತದ ಸಮಯ ಐಎಸ್‌ಟಿಯಲ್ಲೇ ಇಡಿ, ತಲೆನೋವು ಬೇಡ. ಅಮೆರಿಕದ ಗಿರಾಕಿಯೂ ಇದ್ದರೆ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಸಮಯ. ಅಲ್ಲಿನ ಬಹುಪಾಲು ಊರುಗಳಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುವುದರಿಂದ ರಾತ್ರಿ 1:30 ಎರಡು ಸಲ ಬರುತ್ತದೆ. ಆದರೆ ಯುಟಿಸಿಯಲ್ಲಿಟ್ಟರೆ ನಮ್ಮ ಏಪ್ರಿಲ್ 1 ಶುರುವಾಗುವುದು ಮಾರ್ಚ್ 31ರ 18:30ಕ್ಕೆ. ರಿಪೋರ್ಟ್ ಬರೆಯುವವರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಕಾಲಂ ಹೆಸರಿನಲ್ಲೇ ಯುಟಿಸಿ ಅಂತ ಸೇರಿಸಿ.

ಹಂತ 6: ಪರೀಕ್ಷೆ

ಟೆಸ್ಟ್ ಡೇಟಾಬೇಸಿನಲ್ಲಿ ಮಾರ್ಚ್ 31, 23:59:59.7ರ ಒಂದು ಬಿಲ್ಲು ಕೈಯಾರೆ ಹಾಕಿ. ಟೇಬಲ್, ತಿಂಗಳ ರಿಪೋರ್ಟ್, ಪ್ರಿಂಟ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಟೇಬಲನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿದ ಸಾದಾ ಅಕ್ಷರದ ಫೈಲ್) ಆಗಿ ತೆಗೆದರೆ ಎಕ್ಸೆಲ್‌ನಲ್ಲಿ ತೆರೆದು ನೋಡಬೇಡಿ, ಅದು ಗಂಟೆ, ದಿನ ಎರಡನ್ನೂ ಮರೆಮಾಡಿ 59:59.7 ಅಂತ ತೋರಿಸುತ್ತದೆ. ಹಾಗೇ ಸೇವ್ ಮಾಡಿದಿರೋ ಫೈಲಿನಲ್ಲೂ ಅಷ್ಟೇ ಉಳಿಯುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೂರರಲ್ಲೂ 31 ಕಂಡರೆ ಕೆಲಸ ಆಯಿತು.