ಡ್ರಮ್ಮಿನಲ್ಲಿ ನೀರಿತ್ತು, ಕುದುರೆ ಕುಡಿದಿರಲಿಲ್ಲ

ವಿಜಯಪುರದಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಗೋಳಗುಮ್ಮಟದ ಮುಂದೆ ಟಾಂಗಾ ನಿಲ್ಲಿಸುವ ನಾನೂ ಹಾಗೆಯೇ ಇದ್ದೆ. ಎರಡು ವರ್ಷದ ಹಿಂದೆ ಅಂಥದೊಂದು ಮಧ್ಯಾಹ್ನ, ಇಬ್ರಾಹಿಂ ರೋಜಾಕ್ಕೆ ಹೋಗಿ ಬಂದ ನನ್ನ ಕುದುರೆ ಬಿಜಲಿ ಬೇವಿನ ಮರದ ಕೆಳಗೆ ನಿಂತದ್ದು ಅಲ್ಲಿಂದ ಕದಲಲಿಲ್ಲ. ಹೊಳ್ಳೆಗಳು ಅರಳಿದ್ದವು, ಪಕ್ಕೆ ತಿದಿಯಂತೆ ಬಡಿದುಕೊಳ್ಳುತ್ತಿತ್ತು. ಬೆಳಿಗ್ಗೆ ಬೆವರಿನಲ್ಲಿ ತೊಯ್ದಿದ್ದ ಕುತ್ತಿಗೆ ಒಣಗಿ ಉಪ್ಪಿನ ಬಿಳಿ ಗೆರೆ ಬಿಟ್ಟಿತ್ತು. ಕೈ ಇಟ್ಟರೆ ಸುಡುತ್ತಿತ್ತು. ಇಷ್ಟು ಕಾದ ಮೈ ಬೆವರುತ್ತಿಲ್ಲವೆಂದರೆ ಕೆಟ್ಟದ್ದು ಎಂಬಷ್ಟು ನನಗೆ ಗೊತ್ತಿತ್ತು.

ನೀರು ಸುರಿಯಲು ಹೋದೆ. ನಮ್ಮ ಅಡ್ಡೆಯ ಹಿರಿಯರೊಬ್ಬರು ತಡೆದರು: “ತಮ್ಮಾ, ಕಾದ ಮೈಗೆ ತಣ್ಣೀರು ಹಾಕಬೇಡ, ಕಾಲು ಹಿಡಿದುಕೊಳ್ಳುತ್ತವೆ.” ಕಾಕಾ ಹೇಳಿದರೆಂದು ಒದ್ದೆ ಗೋಣಿಚೀಲ ಬೆನ್ನಿಗೆ ಹೊದಿಸಿ ಕಾದೆ. ಅರ್ಧ ಗಂಟೆ ಹಾಳಾಯಿತು. ಫೋನಿನಲ್ಲಿ ಪಶುವೈದ್ಯರು ಬೈದರು: “ಚೀಲ ಕಿತ್ತು ಬಿಸಾಡು. ಅದು ಈಗ ಕಂಬಳಿ ಇದ್ದ ಹಾಗೆ. ನಿಲ್ಲಿಸದೆ ನೀರು ಸುರಿ.” ಕುತ್ತಿಗೆ, ಎದೆ, ಹಿಂದೊಡೆಗಳ ನಡುವೆ, ಮೈತುಂಬ ಕೊಡಗಟ್ಟಲೆ ಸುರಿದೆವು. ಪಕ್ಕದ ಹುಡುಗ ರಟ್ಟಿನಿಂದ ಗಾಳಿ ಬೀಸಿದ. ದಾರ ಕಟ್ಟಿದ ಥರ್ಮಾಮೀಟರಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದಲ್ಲಿ ಇಟ್ಟು ನೋಡಿದರೆ 105 ಫ್ಯಾರನ್‌ಹೀಟ್. ಸುಮ್ಮನೆ ನಿಂತ ಕುದುರೆಗೆ 99ರಿಂದ 101 ಇರಬೇಕು. ಹತ್ತು ನಿಮಿಷಕ್ಕೊಮ್ಮೆ ನೋಡುತ್ತ, 102ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿದೆವು. ಕಾಲು ಹಿಡಿದುಕೊಳ್ಳಲಿಲ್ಲ.

ಕಂಟಕ ಕಳೆಯಿತೆಂದುಕೊಂಡೆ. ಮರುದಿನ ಬೆಳಿಗ್ಗೆಯಿಂದ ಲದ್ದಿ ಬೀಳಲಿಲ್ಲ. ಸಂಜೆಗೆ ಬಿಜಲಿ ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡತೊಡಗಿತು. ಪಕ್ಕೆಗೆ ಕಿವಿ ಇಟ್ಟೆ. ಆರೋಗ್ಯದ ಕುದುರೆಯ ಹೊಟ್ಟೆ ಸದಾ ಗುಡುಗುಡು ಎನ್ನುತ್ತಿರುತ್ತದೆ. ಅಲ್ಲಿ ಸದ್ದೇ ಇರಲಿಲ್ಲ. ಯಾರೋ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿಕೊಂಡು ಬಂದರು. ನಾನು ಬಿಡಲಿಲ್ಲ. ಬಲವಂತವಾಗಿ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿನ ಜತೆ ಇನ್ನೊಂದು ರೋಗ. ಸುರಿದದ್ದು ಹೆಚ್ಚಾಯಿತೆಂದು ಕಕ್ಕಲೂ ಕುದುರೆಗೆ ಆಗುವುದಿಲ್ಲ. ಮುಂದಿದ್ದ ಮೇವು ತೆಗೆದಿಟ್ಟು, ಮೆಲ್ಲಗೆ ನಡೆಸುತ್ತ ವೈದ್ಯರಿಗಾಗಿ ಕಾದೆ. ಅವರು ನೋವಿಗೆ ಸೂಜಿ ಹಾಕಿದರು. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ, ಸರಿಯಾದ ಜಾಗಕ್ಕೆ ಹೋಗಿದೆಯೆಂದು ಎರಡು ಸಲ ಪರೀಕ್ಷಿಸಿದ ಮೇಲೆ ಬೆಚ್ಚಗಿನ ನೀರು, ಲದ್ದಿ ಜಾರಿಸುವ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಹಾಕಿದರು.

“ನಿನ್ನೆಯಿಂದ ಎಷ್ಟು ನೀರು ಕುಡಿದಿದೆ?” ಎಂದು ಕೇಳಿದರು.

“ಡ್ರಮ್ ತುಂಬಿಯೇ ಇದೆಯಲ್ಲ ಡಾಕ್ಟರೇ.”

ಹೇಳಿದ ಮೇಲೆ ನನಗೇ ಹೊಳೆಯಿತು. ತುಂಬಿದ ಡ್ರಮ್ ತುಂಬಿಯೇ ಉಳಿದಿತ್ತು. ಕಪ್ಪು ಪ್ಲಾಸ್ಟಿಕ್ ಡ್ರಮ್ಮು, ದಿನವಿಡೀ ಬಿಸಿಲು ಬೀಳುವ ತಗಡಿನ ಪಕ್ಕ. ಸಂಜೆಯಾದರೂ ಅದರಲ್ಲಿ ಕೈ ಅದ್ದಿದರೆ ಸ್ನಾನಕ್ಕೆ ಕಾಯಿಸಿದ ನೀರಿನಂತಿತ್ತು. ಬೆವರಿನೊಂದಿಗೆ ಉಪ್ಪು ಬಹಳ ಹೋದಾಗ ಕುದುರೆಗೆ ಬಾಯಾರಿಕೆಯೇ ಸರಿಯಾಗಿ ಆಗುವುದಿಲ್ಲವಂತೆ. ಅದರ ಮೇಲೆ ಒಣ ಜೋಳದ ಕಣಿಕೆ ತಿಂದು, ಬಿಸಿನೀರಿಗೆ ಮೂಗು ಮುರಿದಿತ್ತು. ಒಳಗೆಲ್ಲ ಗಟ್ಟಿಯಾಗಿ ಕುಳಿತಿತ್ತು.

ಬೆಳಗಿನ ಜಾವ ನಾಲ್ಕಕ್ಕೆ ಲದ್ದಿ ಬಿತ್ತು. ಸಣ್ಣ ಗಟ್ಟಿ ಉಂಡೆಗಳು, ಮೇಲೆ ಎಣ್ಣೆಯ ಹೊಳಪು. ಟಾರ್ಚ್ ಬೆಳಕಿನಲ್ಲಿ ಅವನ್ನು ಎಣಿಸಿದೆ, ಏಳು. ಲದ್ದಿ ನೋಡಿ ಇಷ್ಟು ಸಂತೋಷಪಟ್ಟವನನ್ನು ಹೆಂಡತಿ ಮೊದಲ ಸಲ ಕಂಡಳು.

ವೈದ್ಯರು ಒಪ್ಪಿದ ಮೇಲೆ ಹಸಿ ಹುಲ್ಲನ್ನು ಹಿಡಿಹಿಡಿಯಾಗಿ ಆರಂಭಿಸಿದೆ. ಹುರುಳಿ ಒಂದು ವಾರ ಬಂದ್. ಎರಡು ಬಕೆಟ್ ಇಟ್ಟೆ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಒಂದು ಹಿಡಿ ಉಪ್ಪು ಹಾಕಿದ ನೀರು. ಉಪ್ಪಿನದನ್ನೇ ಇಟ್ಟು ಒತ್ತಾಯಿಸಿದರೆ ನೀರನ್ನೇ ಬಿಟ್ಟೀತು. ಮೂರು ವಾರ ಟಾಂಗಾ ಕಟ್ಟಲಿಲ್ಲ, ಸಾಲ ಮಾಡಿ ತಿಂದೆವು. ಒಮ್ಮೆ ಬಿಸಿಲು ಬಡಿದ ಕುದುರೆಗೆ ಮತ್ತೆ ಬೇಗ ಬಡಿಯಬಹುದೆಂದು ವೈದ್ಯರು ಎಚ್ಚರಿಸಿದ್ದರು. ಈಗ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತೂವರೆಯವರೆಗೆ, ಮತ್ತೆ ಸಂಜೆ ಐದರ ಮೇಲೆ ಮಾತ್ರ ಗಾಡಿ. ಮಧ್ಯಾಹ್ನ ಎರಡು ಪಟ್ಟು ಕೊಡುತ್ತೇವೆ ಎನ್ನುವ ಪ್ರವಾಸಿಗರಿಗೆ ಆಟೋ ತೋರಿಸುತ್ತೇನೆ.

ಡ್ರಮ್ಮು ಈಗ ಬೇವಿನ ನೆರಳಿನಲ್ಲಿ ಇದೆ, ಸುತ್ತ ಒದ್ದೆ ಗೋಣಿಚೀಲ. ಲಾಯದ ಗೋಡೆಯ ಮೇಲೆ ಬಕೆಟಿಗೊಂದು ಸೀಮೆಸುಣ್ಣದ ಗೆರೆ ಎಳೆಯುತ್ತೇವೆ. ನಿನ್ನೆ ಮೂರೂವರೆ ಗೆರೆ. ಅರ್ಧ ಗೆರೆ ಮಗಳ ಲೆಕ್ಕ.