ಕಾರವಾರದಲ್ಲಿ ಕುಳಿತು ಮೈಲ್ಸ್ ಕೂಡಿಸಿದ ಬಗೆ: ನನ್ನ ಅನುಭವ

ಬೆಂಗಳೂರಿನಿಂದ ಸಿಂಗಪುರಕ್ಕೆ ಬಿಸಿನೆಸ್ ಕ್ಲಾಸಿನಲ್ಲಿ ಎರಡು ಟಿಕೆಟ್, ಅಪ್ಪನಿಗೊಂದು, ಅಮ್ಮನಿಗೊಂದು. ದುಡ್ಡು ಕೊಟ್ಟು ಕೊಂಡಿದ್ದರೆ ಆ ವಾರದ ದರ ತಲಾ ಎಪ್ಪತ್ತೈದು ಸಾವಿರದ ಆಸುಪಾಸಿನಲ್ಲಿತ್ತು. ನಾನು ಕೈಯಿಂದ ಕಟ್ಟಿದ್ದು ತೆರಿಗೆ ಮತ್ತು ನಿಲ್ದಾಣದ ಶುಲ್ಕವೆಂದು ಕೆಲವು ಸಾವಿರ ಮಾತ್ರ. ಉಳಿದದ್ದನ್ನು ಕ್ರಿಸ್‌ಫ್ಲೈಯರ್ ಮೈಲ್ಸ್ (ಸಿಂಗಪುರ ಏರ್‌ಲೈನ್ಸಿನ ಸದಸ್ಯರು ಕೂಡಿಸಿ ಟಿಕೆಟಿಗೆ ಬಳಸುವ ಅಂಕ) ಭರಿಸಿತು. ಆ ಮೈಲ್ಸ್ ಬಹಳಷ್ಟು ಹುಟ್ಟಿದ್ದು ಕಾರವಾರದ ಕಾಜುಬಾಗದ ಮನೆಯಲ್ಲಿ ಕುಳಿತು ನಾನು ನನ್ನ ಕ್ರೆಡಿಟ್ ಕಾರ್ಡಿನಲ್ಲಿ ನೆಂಟರಿಗೆಲ್ಲ ಮಾಡಿಕೊಟ್ಟ ಬುಕಿಂಗ್‌ಗಳಿಂದ.

ಇದು ಆಗದ ಕೆಲಸ ಎಂದು ಹೇಳಿದವರು ಬಹಳ ಮಂದಿ. ಬೆಂಗಳೂರಿನಲ್ಲಿರುವ ಗೆಳೆಯರು, "ತಿಂಗಳಿಗೆರಡು ಸಲ ವಿಮಾನ ಹತ್ತುವವರಿಗೆ ಇದು ಸರಿ, ನಿಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲವಲ್ಲ" ಎಂದರು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಭಾವ ಇನ್ನೂ ಗಟ್ಟಿಯಾಗಿ ಹೇಳಿದರು: "ಬ್ಯಾಂಕು ಪುಕ್ಕಟೆ ಏನನ್ನೂ ಕೊಡುವುದಿಲ್ಲ ತಮ್ಮಾ. ಊರವರ ಟಿಕೆಟನ್ನೆಲ್ಲ ನಿನ್ನ ಕಾರ್ಡಿನಲ್ಲಿ ಮಾಡಿಸಿ, ಕೊನೆಗೆ ಬಡ್ಡಿ ಕಟ್ಟುತ್ತಾ ಕೂರುತ್ತೀಯ." ಬಡ್ಡಿಯ ವಿಷಯದಲ್ಲಿ ಅವರು ಹೇಳಿದ್ದು ನಿಜ. ತಿಂಗಳಿಗೆ ಮೂರೂವರೆ ಪ್ರತಿಶತದಷ್ಟು ಬಡ್ಡಿ ಒಂದು ಬಾರಿ ಬಿದ್ದರೂ ವರ್ಷದ ಪಾಯಿಂಟ್ ಎಲ್ಲ ನೀರುಪಾಲು. ಆದ್ದರಿಂದ ಮೊದಲ ದಿನದಿಂದಲೇ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ದುಡ್ಡು ಮೊದಲು, ಟಿಕೆಟ್ ಆಮೇಲೆ. ದೊಡ್ಡಪ್ಪನಾದರೂ ಸರಿ, ಅತ್ತೆಯಾದರೂ ಸರಿ, ಯುಪಿಐ ಸಂದೇಶ ಬರುವವರೆಗೆ ನಾನು ಪಾವತಿಯ ಗುಂಡಿ ಒತ್ತುವುದಿಲ್ಲ. ಇದರಿಂದ ಒಬ್ಬಿಬ್ಬರಿಗೆ ಬೇಸರವಾಯಿತು. ಆದರೂ ಇಂದಿನವರೆಗೆ ಒಂದು ರೂಪಾಯಿ ಬಡ್ಡಿ ಕಟ್ಟಿಲ್ಲ.

ವ್ಯವಸ್ಥೆ ಚುಟುಕಾಗಿ ಹೀಗೆ: ಕಾರ್ಡಿನಲ್ಲಿ ಖರ್ಚು ಮಾಡಿದರೆ ಬ್ಯಾಂಕು ಪಾಯಿಂಟ್ ಕೊಡುತ್ತದೆ, ಅದನ್ನು ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸಿದರೆ ಮೈಲ್ಸ್ ಆಗುತ್ತದೆ. ನನ್ನ ಕಾರ್ಡಿನಲ್ಲಿ ಆಗ ವಿಮಾನ ಮತ್ತು ಹೋಟೆಲ್ ಖರ್ಚಿಗೆ ನೂರು ರೂಪಾಯಿಗೆ 5 ಪಾಯಿಂಟ್, ಉಳಿದ ಖರ್ಚಿಗೆ 2. ಒಂದು ಪಾಯಿಂಟ್ ವರ್ಗಾಯಿಸಿದರೆ ಕ್ರಿಸ್‌ಫ್ಲೈಯರ್‌ನಲ್ಲಿ 2 ಮೈಲ್ಸ್. ವರ್ಷದ ಶುಲ್ಕ 5,000 ರೂಪಾಯಿ, ಜಿಎಸ್‌ಟಿ ಸೇರಿ 5,900. ನಾನು ಬೇರೆಯವರಿಗಿಂತ ಬೇರೆಯಾಗಿ ಮಾಡಿದ್ದು ಒಂದೇ. ಮೊದಲು ಸೀಟು ನಿಶ್ಚಯಿಸಿದೆ, ಆಮೇಲೆ ಕಾರ್ಡು ಆರಿಸಿದೆ. ತಂಗಿ ಸಿಂಗಪುರದಲ್ಲಿದ್ದಾಳೆ. ಇಂದಲ್ಲ ನಾಳೆ ಬಾಣಂತನಕ್ಕೆ ಅಮ್ಮ ಹೋಗಲೇಬೇಕು, ಮಂಡಿನೋವಿನ ಅಪ್ಪನನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲ. ಗುರಿ ಅಷ್ಟೇ. ಆಗ ಒಬ್ಬರಿಗೆ ನಲವತ್ತು ಸಾವಿರಕ್ಕಿಂತ ತುಸು ಹೆಚ್ಚು ಮೈಲ್ಸ್, ಇಬ್ಬರಿಗೆ ಎಂಬತ್ತಾರು ಸಾವಿರದ ಹತ್ತಿರ. ಆ ಅಂಕಿಯತ್ತ ಹೋಗದ ಯಾವ ಕೊಡುಗೆ ಬಂದರೂ, ಎಷ್ಟೇ ಆಕರ್ಷಕವಾಗಿದ್ದರೂ, ನಾನು ಕಣ್ಣೆತ್ತಿ ನೋಡಲಿಲ್ಲ.

ಖರ್ಚು ಎಲ್ಲಿಂದ ಬಂತು ಎಂಬುದೇ ಎಲ್ಲರ ಪ್ರಶ್ನೆ. ನಮ್ಮ ಸ್ವಂತ ತಿರುಗಾಟ ಎರಡು ವರ್ಷಕ್ಕೆ ಒಂದೂವರೆ ಲಕ್ಷ ದಾಟುವುದಿಲ್ಲ. ಆದರೆ ಈ ಜಿಲ್ಲೆಯ ಯಾವ ಮನೆಯನ್ನೇ ನೋಡಿ, ಅರ್ಧ ಸಂಸಾರ ಹೊರಗಿದೆ. ಶಿರಸಿ ಕಡೆಯ ಚಿಕ್ಕಪ್ಪನ ಮಕ್ಕಳು ಪುಣೆಯಲ್ಲಿ, ಅತ್ತೆಯ ಮಗ ಮುಂಬಯಿಯಲ್ಲಿ, ಮತ್ತೆ ಕೆಲವರು ಬೆಂಗಳೂರಿನಲ್ಲಿ. ಹಬ್ಬ, ಶ್ರಾದ್ಧ, ಮದುವೆ, ಉಪನಯನ ಎಂದು ಎಲ್ಲರೂ ಬಂದು ಹೋಗುತ್ತಲೇ ಇರುತ್ತಾರೆ, ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ಚೂರುಚೂರಾಗಿ ಟಿಕೆಟ್ ಮಾಡಿಕೊಳ್ಳುತ್ತಾರೆ. ಅದನ್ನೆಲ್ಲ ಒಂದು ಕೈಗೆ ತಂದೆ. ಕಮಿಷನ್ ಇಲ್ಲ, ಒಂದು ಪೈಸೆ ಹೆಚ್ಚಿಗೆ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಬೆಳಗಿನ ಐದಕ್ಕೂ ಎದ್ದು ದರ ನೋಡಿ ಕೊಡುತ್ತೇನೆ. ಚಿಕ್ಕಪ್ಪನ ಮಗಳ ಮದುವೆಯೊಂದರಲ್ಲೇ ಹುಬ್ಬಳ್ಳಿಗೂ ಗೋವಾಕ್ಕೂ ಬಂದಿಳಿದವರ ವಿಮಾನ ಟಿಕೆಟ್ ಒಂದು ಲಕ್ಷ ಮೀರಿತ್ತು, ಅಂದರೆ ಐದು ಸಾವಿರ ಪಾಯಿಂಟ್, ಹತ್ತು ಸಾವಿರ ಮೈಲ್ಸ್. ಶಿರಸಿಯ ವಸತಿಗೃಹಗಳಿಂದ ಮಾತ್ರ ಏನೂ ಗಿಟ್ಟಲಿಲ್ಲ. ನಾವು ಹಿಡಿದವು ಯಾವ ಬುಕಿಂಗ್ ಪೋರ್ಟಲ್‌ನಲ್ಲೂ ಇರಲಿಲ್ಲ, ನಗದು ಅಥವಾ ಮಾಲೀಕರ ಯುಪಿಐ, ಅಷ್ಟೇ.

ಒಂದೇ ಖರ್ಚಿಗೆ ಎರಡು ಮೂರು ಕಡೆಯ ಪಾಯಿಂಟ್ ಪದರ ಪದರವಾಗಿ ಗಳಿಸುವುದರಲ್ಲಿ ಹೋಟೆಲ್ ಮತ್ತು ವಿಮಾನ ಒಂದೇ ಅಲ್ಲ. ವಿಮಾನದ ಟಿಕೆಟ್ ಎಲ್ಲಿ ಕೊಂಡರೂ ಸದಸ್ಯತ್ವ ಸಂಖ್ಯೆ ಸೇರಿಸಿದರೆ ಪ್ರಯಾಣಿಕನ ಖಾತೆಗೆ ವಿಮಾನ ಕಂಪನಿಯ ಪಾಯಿಂಟ್ ಸಾಮಾನ್ಯವಾಗಿ ಬರುತ್ತದೆ, ಕಾರ್ಡಿನ ಪಾಯಿಂಟ್ ನನಗೆ ಬರುತ್ತದೆ. ದೊಡ್ಡ ಹೋಟೆಲ್ ಸರಣಿಗಳಲ್ಲಿ ಹಾಗಿಲ್ಲ. ಹೊರಗಿನ ಪೋರ್ಟಲ್‌ನಲ್ಲಿ ಕೋಣೆ ಹಿಡಿದರೆ ಹೋಟೆಲಿನ ಸ್ವಂತ ಪಾಯಿಂಟ್ ಇಲ್ಲ. ಗೋವಾದಲ್ಲಿ ಅತ್ತೆಯ ಮಗನ ಗೆಳೆಯರ ಗುಂಪಿಗೆ ಪೋರ್ಟಲ್ ಮತ್ತು ಹೋಟೆಲಿನ ಜಾಲತಾಣ ಎರಡರಲ್ಲೂ ಅರ್ಧರ್ಧ ಕೋಣೆ ಹಿಡಿದು ಪರೀಕ್ಷೆ ಮಾಡಿದೆ. ಪೋರ್ಟಲ್‌ನಲ್ಲಿ ಕೋಣೆಗೆ ಮುನ್ನೂರು ನಾನೂರು ರೂಪಾಯಿ ಅಗ್ಗ. ನೇರವಾಗಿ ಹಿಡಿದದ್ದರಲ್ಲಿ ಎರಡು ಕಡೆಯ ಪಾಯಿಂಟ್, ಜೊತೆಗೆ ತಡವಾಗಿ ಕೋಣೆ ಬಿಡುವ ಸೌಕರ್ಯ. ಆಮೇಲಿಂದ ಸರಣಿ ಹೋಟೆಲ್ ಎಂದರೆ ನೇರವೇ. ಮೂರನೆಯ ಪದರವೂ ಒಂದಿದೆ, ಉಡುಗೊರೆ ವೋಚರಿನ ದಾರಿ. ಅದು ಎಲ್ಲಿ, ಯಾವ ದಿನ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ಜನರಿಗೆ ತಿಳಿದರೆ ಮುಚ್ಚಿಹೋಗುವಂಥ ಬಾಗಿಲು ಅದು.

ಕೈಕೊಟ್ಟ ದಾರಿಗಳು ಕಡಿಮೆಯೇನಲ್ಲ. ಆರಂಭದಲ್ಲಿ ಹೆಸ್ಕಾಂ ಬಿಲ್ಲು, ವಿಮೆಯ ಕಂತು, ಪೆಟ್ರೋಲು ಎಲ್ಲಕ್ಕೂ ಕಾರ್ಡು ಉಜ್ಜುವ ಲೆಕ್ಕ ಹಾಕಿದ್ದೆ. ವರ್ಷಕ್ಕೆ ಆರೇಳು ಸಾವಿರ ಪಾಯಿಂಟ್ ಅದರಿಂದಲೇ ಬರಬೇಕಿತ್ತು. ನಿಯಮ ಬದಲಾಗಿ ಅವೆಲ್ಲವೂ ಪಾಯಿಂಟ್ ಸಿಗುವ ಖರ್ಚಿನ ಪಟ್ಟಿಯಿಂದ ಹೊರಗೆ ಹೋದವು. ಅಡಿಕೆಯನ್ನು ಒಣಗಿಸಿ ಸುಲಿದು ಚಾಲಿ ಮಾಡಿ, ದರ ಏರುವವರೆಗೆ ಅಟ್ಟದ ಮೇಲೆ ಇಟ್ಟು ಕಾಯಬಹುದು. ಪಾಯಿಂಟ್‌ಗೆ ಆ ಗುಣವಿಲ್ಲ, ಇಟ್ಟಷ್ಟೂ ಬೆಲೆ ಇಳಿಯುವ ಸರಕು ಅದು. 2024ರ ನವೆಂಬರ್ 12ರಂದು ವಿಸ್ತಾರ ವಿಮಾನ ಕಂಪನಿ ಏರ್ ಇಂಡಿಯಾದೊಳಗೆ ಸೇರಿದಾಗ ಅದರ ಸದಸ್ಯ ಯೋಜನೆ ಕ್ಲಬ್ ವಿಸ್ತಾರದಲ್ಲಿದ್ದ ನನ್ನ ಪಾಯಿಂಟ್ ಎಣಿಕೆಯಲ್ಲಿ ಅಷ್ಟೇ ಉಳಿದು ಅತ್ತ ಹೋಯಿತು. ಆದರೆ ಯಾವ ಟಿಕೆಟಿಗೆ ಎಷ್ಟು ಪಾಯಿಂಟ್ ಎಂದು ನಾನು ಲೆಕ್ಕ ಹಾಕಿಟ್ಟಿದ್ದ ಪಟ್ಟಿಯೇ ಅಲ್ಲಿರಲಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆ ಸಾವುನೋವಿನ ನಡುವೆ ಪಾಯಿಂಟಿನ ಯೋಚನೆ ಯಾರಿಗೂ ಇರಲಿಲ್ಲ, ಬರಬೇಕಾದ ನೆಂಟರೆಲ್ಲ ಟಿಕೆಟ್ ರದ್ದು ಮಾಡಿದರು. ತಿಂಗಳ ಲೆಕ್ಕ ಬಂದಾಗ ಕಂಡಿತು, ಮರುಪಾವತಿಯ ಜೊತೆಗೆ ಆ ಪಾಯಿಂಟ್‌ಗಳೂ ಹಿಂದಕ್ಕೆ ಹೋಗಿದ್ದವು. ಮೂರು ಲಕ್ಷ ಖರ್ಚಿಗೆ ಸಿಗುತ್ತಿದ್ದ 2,500 ಬೋನಸ್ ಪಾಯಿಂಟಿನ ಗಡಿಯಿಂದಲೂ ಕೆಳಗೆ ಜಾರಿದ್ದೆ. ಅಂದಿನಿಂದ ಮಳೆಗಾಲದ ಬುಕಿಂಗನ್ನು ನಾನು ಬೋನಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗಸ್ಟ್‌ನಲ್ಲಿ ಗೋವಾ ದಾರಿಯಲ್ಲಿರುವ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಗೋವಾದಲ್ಲಿ ಇಳಿದವರನ್ನು ಟ್ಯಾಕ್ಸಿಯ ಬದಲು ಮಡಗಾಂವಿನಿಂದ ರೈಲಿನಲ್ಲೇ ಕರೆಸಿದೆ. ಟ್ಯಾಕ್ಸಿಯ ಎರಡು ಮೂರು ಸಾವಿರ ಉಳಿದು, ಆ ದುಡ್ಡಿನಲ್ಲಿ ಬೇರೆ ಟಿಕೆಟ್ ಆಯಿತು.

ರೈಲಿನದ್ದೇ ಪ್ರತ್ಯೇಕ ಪ್ರಯೋಗ. ಬೆಂಗಳೂರಿನ ಪಂಚಗಂಗಾ, ಮುಂಬಯಿಯ ಮತ್ಸ್ಯಗಂಧ ಎರಡೂ ರೈಲುಗಳಲ್ಲಿ ನಮ್ಮ ಮನೆಯವರ ಓಡಾಟ ನಿರಂತರ. ಐಆರ್‌ಸಿಟಿಸಿಯ ಖಾತೆಯಲ್ಲಿ ಆಧಾರ್ ಜೋಡಿಸದಿದ್ದರೆ ತಿಂಗಳಿಗೆ 12 ಟಿಕೆಟ್, ಜೋಡಿಸಿದರೆ 24. ಒಂದು ಟಿಕೆಟಿನಲ್ಲಿ ಆರು ಜನ. ಆಧಾರ್ ಜೋಡಿಸಿಕೊಂಡೆ, ನೆಂಟರು ಗೆಳೆಯರಿಗೆ ಬಿಟ್ಟು ಬೇರೆಯವರಿಗೆ ಮಾಡಲಿಲ್ಲ. ಸ್ವಂತ ಖಾತೆಯಿಂದ ವ್ಯಾಪಾರ ಮಾಡುವುದು ಅಪರಾಧ, ಆ ಗೆರೆ ದಾಟಬೇಡಿ. ರೈಲಿಗೆಂದೇ ಇರುವ ಬೇರೆ ಕಾರ್ಡಿನಲ್ಲಿ ಎಸಿ ಟಿಕೆಟ್‌ಗೆ ಒಳ್ಳೆಯ ಪಾಯಿಂಟ್ ಇದೆ, ಒಂದು ಪಾಯಿಂಟ್‌ಗೆ ಒಂದು ರೂಪಾಯಿಯಂತೆ ಮತ್ತೆ ಟಿಕೆಟ್ಟೇ ಸಿಗುತ್ತದೆ. ಸ್ಲೀಪರ್‌ಗೆ ಮಾತ್ರ ಕಾರ್ಡು ಬೇಡ. ಕಾರ್ಡಿನಲ್ಲಿ ಕಟ್ಟಿದರೆ ಸೇವಾ ಶುಲ್ಕ ಸ್ಲೀಪರ್‌ಗೆ 15, ಎಸಿಗೆ 30 ರೂಪಾಯಿ. ಯುಪಿಐನಲ್ಲಿ 10 ಮತ್ತು 20. ನಾನೂರು ರೂಪಾಯಿಯ ಟಿಕೆಟಿನಲ್ಲಿ ಪಾಯಿಂಟಿಗಾಗಿ ಹೋರಾಡುವುದು ದಂಡ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದದ್ದು ನನಗೆ ಅನುಕೂಲವೇ ಆಯಿತು, ರದ್ದಾಗುವ ಟಿಕೆಟ್ ಕಡಿಮೆಯಾದವು.

ಬಸ್ಸಿನಲ್ಲಿ ಪಾಯಿಂಟಿಗಿಂತ ರಿಯಾಯಿತಿಯೇ ಲೇಸು. ಸರ್ಕಾರಿ ಬಸ್ಸಿನಲ್ಲಿ ನಾಲ್ಕು ಅಥವಾ ಹೆಚ್ಚು ಜನರಿಗೆ ಒಂದೇ ಟಿಕೆಟ್ ಮಾಡಿದರೆ 5 ಪ್ರತಿಶತ, ಹೋಗಿ ಬರುವುದನ್ನು ಒಟ್ಟಿಗೆ ಮಾಡಿದರೆ ಮರುಪ್ರಯಾಣಕ್ಕೆ 10 ಪ್ರತಿಶತ ಕಡಿತ. ಇದನ್ನು ಯಾವ ಕಾರ್ಡೂ ಸೋಲಿಸುವುದಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಭಾನುವಾರದ ಸಂತೆಯಲ್ಲೂ ಮೀನು ಪೇಟೆಯಲ್ಲೂ ಓಡಿಸಿ ನೋಡಿದೆ. ವ್ಯಾಪಾರಿ ಕ್ಯೂಆರ್ ಇರುವ ಅಂಗಡಿಯಲ್ಲಿ ಹೋಗುತ್ತದೆ, ಮೀನು ಮಾರುವವರ ಬಳಿ ಇರುವುದು ಹೆಚ್ಚಾಗಿ ಸ್ವಂತ ಖಾತೆಯ ಕ್ಯೂಆರ್, ಅಲ್ಲಿ ಹೋಗುವುದಿಲ್ಲ. ಅದರ ಪಾಯಿಂಟ್ ಮೈಲ್ಸ್ ಆಗಿ ಬದಲಾಗುವುದೂ ಇಲ್ಲ. ದಿನಸಿಯ ಖರ್ಚಿಗೆ ಸ್ವಲ್ಪ ಆಸರೆ, ಅಷ್ಟಕ್ಕೇ ಇಟ್ಟುಕೊಂಡಿದ್ದೇನೆ.

ಈಗ ಮುಖ್ಯ ಲೆಕ್ಕ, ನೆನಪಿನಿಂದಲೇ ಬರೆಯುತ್ತಿದ್ದೇನೆ. ಸುಮಾರು ಎರಡು ವರ್ಷದಲ್ಲಿ ವಿಮಾನ ಮತ್ತು ಹೋಟೆಲ್ ಐದೂವರೆ ಲಕ್ಷ, ಅದರಿಂದ ಇಪ್ಪತ್ತೇಳು ಸಾವಿರ ಚಿಲ್ಲರೆ ಪಾಯಿಂಟ್. ಮನೆ ರಿಪೇರಿಯ ಸಾಮಾನು, ಫ್ರಿಜ್ಜು, ಬಟ್ಟೆ, ದಿನಸಿ ಸೇರಿ ಐದು ಲಕ್ಷ, ಅದರಿಂದ ಹತ್ತು ಸಾವಿರ. ಕಾರ್ಡು ತೆಗೆದಾಗಿನ ಮತ್ತು ಮೂರು ಲಕ್ಷದ ಗಡಿ ದಾಟಿದಾಗಿನ ಬೋನಸ್ಸುಗಳು ಸೇರಿ ಏಳೂವರೆ ಸಾವಿರ. ಒಟ್ಟು ನಲವತ್ತೈದು ಸಾವಿರ ಪಾಯಿಂಟ್, ತೊಂಬತ್ತು ಸಾವಿರ ಮೈಲ್ಸ್. ತೊಡಕು ಒಂದಿತ್ತು: ಒಂದು ಕ್ಯಾಲೆಂಡರ್ ವರ್ಷದಲ್ಲಿ 30,000 ಪಾಯಿಂಟ್‌ಗಿಂತ ಹೆಚ್ಚು ವಿಮಾನ ಕಂಪನಿಯ ಖಾತೆಗೆ ಕಳುಹಿಸುವಂತಿರಲಿಲ್ಲ. ಡಿಸೆಂಬರ್ ಕೊನೆಯ ವಾರ ಪೂರ್ತಿ ಮೂವತ್ತು ಸಾವಿರ, ಜನವರಿಯ ಮೊದಲ ವಾರ ಉಳಿದದ್ದು. ಮೊದಲ ಕಂತು ಮುಟ್ಟಲು ಎರಡು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ನಾನು ಕಣ್ಣಿಟ್ಟಿದ್ದ ದಿನದ ಸೀಟು ಬೇರೆಯವರ ಪಾಲಾಗಿತ್ತು, ಆಗ ಭಾವನ ಮಾತೇ ಗೆದ್ದಂತೆ ಮನೆಯಲ್ಲಿ ಗುಸುಗುಸು. ಆದರೆ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ 36 ತಿಂಗಳ ಆಯುಷ್ಯವಿದೆ, ಗಾಬರಿಯ ಅಗತ್ಯವಿರಲಿಲ್ಲ. ಸೀಟುಗಳು ಮತ್ತೆ ತೆರೆಯುವ ಒಂದು ಹೊತ್ತನ್ನು ಗಮನಿಸಿ ಇಟ್ಟುಕೊಂಡಿದ್ದೆ (ಆ ಹೊತ್ತು ನನ್ನಲ್ಲೇ ಇರಲಿ), ಅಪ್ಪ ಅಮ್ಮನ ಹೆಸರನ್ನು ಮೊದಲೇ ನನ್ನ ಮೈಲ್ಸ್‌ನಲ್ಲಿ ಪ್ರಯಾಣಿಸಬಹುದಾದವರ (ನಾಮಿನಿ) ಪಟ್ಟಿಯಲ್ಲಿ ಸೇರಿಸಿದ್ದೆ. ಎರಡೂ ಸೀಟು ಒಟ್ಟಿಗೆ, ಅಕ್ಕಪಕ್ಕದಲ್ಲೇ ಸಿಕ್ಕವು.

ಭಾವನ ವಾದ ಈಗಲೂ ಮುಗಿದಿಲ್ಲ. "ಎಪ್ಪತ್ತೈದು ಸಾವಿರ ಕೊಟ್ಟು ನೀನು ಎಂದಾದರೂ ಕಳುಹಿಸುತ್ತಿದ್ದೆಯಾ? ಹದಿನೈದು ಸಾವಿರದ ಸಾಮಾನ್ಯ ಟಿಕೆಟ್ ಕೊಳ್ಳುತ್ತಿದ್ದೆ. ನಿನ್ನ ಉಳಿತಾಯ ಮೂವತ್ತು ಸಾವಿರ, ಒಂದೂವರೆ ಲಕ್ಷ ಅಲ್ಲ" ಎನ್ನುತ್ತಾರೆ. ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಹತ್ತೂವರೆ ಲಕ್ಷಕ್ಕೆ ಒಂದೂವರೆ ಪ್ರತಿಶತ ಕ್ಯಾಷ್‌ಬ್ಯಾಕ್ ಹಿಡಿದರೂ ಹದಿನಾರು ಸಾವಿರ ನಗದು ಬರುತ್ತಿತ್ತು, ಎರಡು ವರ್ಷದ ಶುಲ್ಕ ಹನ್ನೆರಡು ಸಾವಿರವೂ ಉಳಿಯುತ್ತಿತ್ತು. ಬಾರದೆ ಹೋದ ನೆಂಟರೊಬ್ಬರ ಟಿಕೆಟಿಗೆ ನಾನೇ ತುಂಬಿಕೊಂಡ ನಾಲ್ಕು ಸಾವಿರವನ್ನೂ ಕಳೆಯಿರಿ. ಆದರೂ ಮಂಡಿ ಮಡಚಲಾಗದ ಅಪ್ಪ ರಾತ್ರಿಯ ನಾಲ್ಕೂವರೆ ತಾಸು ಕಾಲು ಚಾಚಿ ಮಲಗಿ ಹೋದರು, ಇಳಿದ ದಿನವೇ ತಂಗಿಯ ಮನೆಯಿಂದ ತರಕಾರಿ ತರಲು ನಡೆದು ಹೋದರು. ಸಾಮಾನ್ಯ ಸೀಟಿನಲ್ಲಿ ಅವರು ಹೊರಡುತ್ತಲೇ ಇರಲಿಲ್ಲ, ಅಮ್ಮನೂ ಹೋಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅದರ ಬೆಲೆ ಪೂರ್ತಿ ಒಂದೂವರೆ ಲಕ್ಷ. ಮರಳಿ ಬರುವಾಗ ಮೈಲ್ಸ್ ಇರಲಿಲ್ಲ, ಮುಂದಿನ ಸಾಲಿನ ಅಗಲ ಸೀಟಿಗೆ ಹೆಚ್ಚು ದುಡ್ಡು ಕೊಟ್ಟು ಕರೆಸಿದೆ.

ಮುಂದಿನ ಗುರಿ ಕಾಶಿ. ದೊಡ್ಡಮ್ಮ ಮತ್ತು ಅಮ್ಮ ಇಬ್ಬರಿಗೂ ಗೋವಾದಿಂದ ದಿಲ್ಲಿಯ ಮೇಲೆ. ಏರ್ ಇಂಡಿಯಾದಲ್ಲಿ ಸೇರಿಕೊಂಡ ಹಳೆಯ ಪಾಯಿಂಟ್ ಅಲ್ಲಿದೆ, ಮನೆಯವರ ಖಾತೆಗಳಲ್ಲಿ ಚೂರುಚೂರಾಗಿ ಬಿದ್ದಿರುವುದನ್ನು ಕುಟುಂಬದ ಖಾತೆಯಲ್ಲಿ ಒಟ್ಟುಗೂಡಿಸುತ್ತಿದ್ದೇನೆ. ಗೋವಾದ ಎರಡು ವಿಮಾನ ನಿಲ್ದಾಣಗಳಲ್ಲಿ ಮೊಪಾದಿಂದ ಸೀಟು ಸುಲಭ, ಆದರೆ ಕಾರವಾರದಿಂದ ಮೊಪಾ ಬಳಿಯ ಪೆರ್ನೆಂವರೆಗೆ ರೈಲಿನ ಹೊತ್ತು ವಿಮಾನಕ್ಕೆ ಹೊಂದಬೇಕು. ದಾಬೋಲಿಂ ನಮಗೆ ಹತ್ತಿರ, ಆದರೆ ಅಲ್ಲಿಂದ ಬೇಕಾದ ದಿನ ಇನ್ನೂ ಕಾಣಿಸುತ್ತಿಲ್ಲ. ಸದ್ಯಕ್ಕೆ ಐದಾರು ಸಾವಿರ ಪಾಯಿಂಟ್ ಕಡಿಮೆ ಬೀಳುತ್ತಿದೆ. ದೀಪಾವಳಿಗೆ ಪುಣೆಯವರು ಬಂದು ಹೋಗುವ ಟಿಕೆಟ್ ಮಾಡಿದರೆ ತುಂಬಿಕೊಳ್ಳುತ್ತದೆ. ಅವರ ದುಡ್ಡು ನಿನ್ನೆಯೇ ಬಂದಿದೆ.