ಪಬ್ಲಿಕ್ ಆಗಿಹೋಗಿದ್ದನ್ನ ವಾಪಸ್ ತಗೊಳ್ಳೋಕಾಗಲ್ಲ, ಸರಿ, ಈಗ ಏನ್ ಮಾಡೋದು?

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ಆನ್‌ಲೈನ್‌ನಲ್ಲಂತೂ ಅದು ನೂರಕ್ಕೆ ನೂರು ನಿಜ, ನೀವು ಡಿಲೀಟ್ ಒತ್ತಿದ್ರೂ ಆಗ್ಲೇ ಸ್ಕ್ರೀನ್‌ಶಾಟ್ ಹೊಡ್ಕೊಂಡವರ ಫೋನಲ್ಲಿ ಅದು ಆರಾಮಾಗಿ ಇರುತ್ತೆ. ಹಾಗಂತ ಕೈಕಟ್ಟಿ ಕೂರೋದೂ ಬೇಡ.

ಮೊದ್ಲು ಟೈಮ್ ಇದೆಯಾ ನೋಡಿ. ವಾಟ್ಸಾಪ್‌ನಲ್ಲಿ ಸುಮಾರು ಎರಡೂವರೆ ದಿನದೊಳಗೆ 'ಡಿಲೀಟ್ ಫಾರ್ ಎವರಿವನ್' ಮಾಡಬಹುದು, ಆದ್ರೆ ಗಾಬರಿಯಲ್ಲಿ 'ಡಿಲೀಟ್ ಫಾರ್ ಮಿ' ಒತ್ತಿಬಿಟ್ರೆ ನಿಮಗೆ ಮಾತ್ರ ಕಾಣಲ್ಲ, ಮಿಕ್ಕವರೆಲ್ಲ ಓದ್ತಾನೇ ಇರ್ತಾರೆ (ಒತ್ತಿದ ತಕ್ಷಣ ಕೆಳಗೆ ಅನ್‌ಡೂ ಬರುತ್ತೆ, ಕೆಲವೇ ಸೆಕೆಂಡ್, ಬಿಡಬೇಡಿ). ಜಿಮೇಲ್‌ನಲ್ಲಿ 'ಅನ್‌ಡೂ ಸೆಂಡ್' ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನ ಈಗ್ಲೇ 30 ಸೆಕೆಂಡ್ ಮಾಡಿಡಿ.

ಪಾಸ್‌ವರ್ಡೋ ಎಪಿಐ ಕೀನೋ (ಒಂದು ಪ್ರೋಗ್ರಾಂ ಇನ್ನೊಂದು ಸೇವೆಗೆ ಲಾಗಿನ್ ಆಗೋಕೆ ಬಳಸೋ ಗುಟ್ಟಿನ ಕೋಡ್) ಹೊರಗೆ ಬಿದ್ದಿದ್ರೆ ಅಳಿಸೋಕೆ ಒದ್ದಾಡೋದು ಆಮೇಲೆ, ಮೊದ್ಲು ಅದು ಕೆಲಸಕ್ಕೆ ಬಾರದಂಗೆ ಮಾಡಿ. ಪ್ರೋಗ್ರಾಂ ಕೋಡ್ ಇಡೋ ಗಿಟ್‌ಹಬ್ ಸೈಟಲ್ಲಿ ಕೀ ಇರೋ ಲೈನ್ ತೆಗೆದು ಹೊಸ ಕಮಿಟ್ (ಬದಲಾವಣೆಯ ದಾಖಲೆ) ಹಾಕಿ ನಿಟ್ಟುಸಿರು ಬಿಡೋರು ಸುಮಾರು ಜನ ಇದ್ದಾರೆ, ಆದ್ರೆ ಹಿಸ್ಟರಿ ತೆಗೆದು ಆ ಕಮಿಟ್ ಮೇಲೆ ಕ್ಲಿಕ್ ಮಾಡಿದ್ರೆ ಅದೇ ಕೀ ಕೆಂಪು ಬಣ್ಣದಲ್ಲಿ 'ಇದನ್ನ ತೆಗೆದಿದ್ದಾರೆ' ಅಂತ ಹೈಲೈಟ್ ಆಗಿ ಕೂತಿರುತ್ತೆ! ಇಂಥ ಕೀಗಳನ್ನ ಹುಡುಕ್ತಾ ಬಾಟ್‌ಗಳು (ತಾವಾಗೇ ಓಡೋ ಪ್ರೋಗ್ರಾಂಗಳು) ಬೇರೆ ಓಡಾಡ್ತಿರುತ್ವೆ. ಅದಕ್ಕೇ ಮೊದ್ಲು ರಿವೋಕ್ (ಕೀ ರದ್ದು ಮಾಡೋದು), ಆಮೇಲೆ ಹಿಸ್ಟರಿ ಕ್ಲೀನಿಂಗ್. ಕಾರ್ಡ್ ನಂಬರ್ ಆದ್ರೂ ಅಷ್ಟೇ, ಬ್ಲಾಕ್ ಮಾಡಿಸಿ ಹೊಸದು ತಗೊಳ್ಳಿ.

ಖಾಸಗಿ ಫೋಟೋನ ಪಾಸ್‌ವರ್ಡ್ ಥರ ಬದಲಾಯಿಸೋಕಾಗಲ್ಲ, ಅದೇ ಕಷ್ಟ. ಲಿಂಕ್, ತಾರೀಖು ಕಾಣೋ ಹಾಗೆ ಸಾಕ್ಷಿ ಇಟ್ಕೊಂಡು ಆಮೇಲೆ ರಿಪೋರ್ಟ್ ಮಾಡಿ. 18 ದಾಟಿದವರಿಗೆ ಒಪ್ಪಿಗೆ ಇಲ್ದೆ ಹರಿದಾಡೋ ನಗ್ನ, ಖಾಸಗಿ ಫೋಟೋ ತಡೆಯೋಕೆ ಸ್ಟಾಪ್‌ಎನ್‌ಸಿಐಐ ಅನ್ನೋ ಸೇವೆ ಇದೆ, ಫೋಟೋನ ಅಪ್‌ಲೋಡ್ ಮಾಡೋದೇ ಬೇಕಿಲ್ಲ, ನಿಮ್ಮ ಫೋನಲ್ಲೇ ಅದರದ್ದೊಂದು ಹ್ಯಾಶ್ (ಫೋಟೋದ ಬೆರಳಚ್ಚು ಇದ್ದಂಗೆ ಒಂದು ಕೋಡ್) ತಯಾರಾಗುತ್ತೆ, ಇದರಲ್ಲಿ ಸೇರಿರೋ ಕಂಪನಿಗಳು ಆ ಹ್ಯಾಶ್ ಹಿಡ್ಕೊಂಡು ಹುಡುಕಿ ತೆಗೀತವೆ.

ಇನ್ನು ತೆಗೆಸೋಕೆ ಗಲಾಟೆ ಮಾಡಿದ್ರೆ ಏನಾಗುತ್ತೆ ಅನ್ನೋ ವಿಷ್ಯ. 2003ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ತಮ್ಮ ಮನೆ ಕಾಣೋ ಫೋಟೋ ತೆಗೆಸಬೇಕು ಅಂತ 5 ಕೋಟಿ ಡಾಲರ್‌ಗೆ ಕೇಸ್ ಹಾಕಿದ್ರು, ಅಲ್ಲಿವರೆಗೆ ಅದು ಡೌನ್‌ಲೋಡ್ ಆಗಿದ್ದು ಬರೀ 6 ಸಲ, ಅದರಲ್ಲೂ 2 ಅವರ ವಕೀಲರದ್ದೇ! ಸುದ್ದಿಯಾದ ಮೇಲೆ ಒಂದೇ ತಿಂಗಳಲ್ಲಿ 4 ಲಕ್ಷಕ್ಕಿಂತ ಜಾಸ್ತಿ ಜನ ಆ ಫೋಟೋ ಇದ್ದ ಸೈಟಿಗೆ ಬಂದ್ರು. ಸೋ ನಾಲ್ಕು ಜನ ನೋಡಿದ್ರೆ ಸದ್ದಿಲ್ದೆ ತೆಗೀರಿ, ಸಾರಿ ಪೋಸ್ಟ್ ಕೂಡ ಬೇಡ. ತಪ್ಪು ಮಾಹಿತಿ ಆಗ್ಲೇ ಊರೆಲ್ಲಾ ಹಬ್ಬಿದ್ರೆ ಮಾತ್ರ ಡಿಲೀಟ್ ಮಾಡಬೇಡಿ, ಅದೇ ಪೋಸ್ಟಿನ ಮೇಲ್ಗಡೆ ತಿದ್ದುಪಡಿ ಹಾಕಿ, ಶೇರ್ ಮಾಡಿದವರ ಲಿಂಕ್ ತೆರೆದೋರಿಗೂ ಅದು ಕಾಣುತ್ತೆ.